ಸ್ಟೆಪ್ನಿ ಸಾಕ್ಷಿ ಮತ್ತು ನದೀಮನ ಅಂಗಾಲು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮ ಅಕ್ಕಿ ಅಂಗಡಿಯ ಗೋಡೆಗೆ ಗೋಡೆ ಹಚ್ಚಿಕೊಂಡು ಸೈಫುದ್ದೀನ್ ಭಾಯಿಯ ಗೋಣಿಚೀಲದ ಅಂಗಡಿ. ನಾವು ಅಕ್ಕಿ ಮಾರುತ್ತೇವೆ, ಅವರು ಅಕ್ಕಿ ತುಂಬುವ ಚೀಲ ಮಾರುತ್ತಾರೆ. ಒಬ್ಬರಿಗೊಬ್ಬರು ಯಾವತ್ತೂ ರಿಯಾಯಿತಿ ಕೊಡದೆ ಇದ್ದುದರಿಂದ ಸ್ನೇಹ ಬಹಳ ವರ್ಷ ಉಳಿದಿದೆ.

ಅವರ ಮಗ ನದೀಮ್. ನಾನು ಹೇಳುವ ಕಾಲಕ್ಕೆ ಇಪ್ಪತ್ತೈದು ದಾಟಿದ ಆಳು. ಹಳೆಯ ಚೀಲಗಳ ತೂತು ಹೊಲಿಯುವುದು ಅವನ ಕೆಲಸ. ದಬ್ಬಣಕ್ಕೆ ಸುತಲಿ ಪೋಣಿಸಿಕೊಂಡು ಅಂಗಡಿಯ ಬಾಗಿಲ ಬಳಿ ಕೂತನೆಂದರೆ ಎದುರಿಗೆ ಯಾರು ಬಂದರು, ಯಾರು ಹೋದರು ಎಂದು ತಲೆ ಎತ್ತುತ್ತಿರಲಿಲ್ಲ. ಮಾತಾಡಿಸಿದರೆ ಉತ್ತರ ಬರುತ್ತಿತ್ತು, ಆದರೆ ಅದು ಬರುವ ಹೊತ್ತಿಗೆ ಬರುತ್ತಿತ್ತು. ಸೈಫುದ್ದೀನ್ ಭಾಯಿ ಗಿರಾಕಿಗೆ "ಹೊಸಾವಿದ್ದಂಗ ಅದಾವ್ರಿ ಚೀಲ" ಎಂದು ಆಣೆ ಮಾಡಿ, ಗಿರಾಕಿ ಒಪ್ಪಿ, ಹಮಾಲರು ಗಾಡಿಗೆ ಏರಿಸಿದ ಮೇಲೆ ನದೀಮ್ ಸೂಜಿಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದ: "ಕೆಳಗಿನ ಕಟ್ಟಿನಾಗ ಇಲಿ ಕಡಿದಾವು ಅದಾವು."

"ಭಾಯಿ, ಅವನ್ನ ಒಳಗರ ಕುಂದ್ರಸ್ರಿ" ಎಂದು ನಾನೊಮ್ಮೆ ಸಲಹೆ ಕೊಟ್ಟೆ.

"ಕುಂದ್ರಿಸಿ ನೋಡೀನ್ರೀ ಶೆಟ್ರೇ. ಒಳಗಿಂದ ಹೇಳಿದ್ರ ಇನ್ನೂ ಜೋರಾಗಿ ಕೇಳ್ತೈತಿ."

ಸುಳ್ಳು ಅವನಿಗೆ ಬರುತ್ತಿರಲಿಲ್ಲ. ಪಾಪಕ್ಕೆ ಹೆದರಿ ಅಲ್ಲ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ವ್ಯಾಪಾರದವರ ಮನೆಯಲ್ಲಿ ಇದು ಸಣ್ಣ ಕೊರತೆಯಲ್ಲ.

ಚಿಕ್ಕಂದಿನಲ್ಲಿ ಸಾಲಿಗೆ ಹಾಕಿದ್ದರು. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಹೋಗುತ್ತಿದ್ದ, ಮೇಷ್ಟ್ರು ಕಾಲು ಹಿಡಿದು ಎಳೆಯುತ್ತಿದ್ದರು. ಕೆಲವು ಕಾಲ ಇಬ್ಬರೂ ಇದನ್ನೇ ಮಾಡಿ ಕೊನೆಗೆ ಸಾಲಿ ನಿಂತಿತು. ತಾಯಿ ಮದಾರಬೀ ತಾಯಿತ ಕಟ್ಟಿಸಿದರು. ಓಣಿಯವರು ಅವನಿಗೆ ಒಂದೊಂದು ಹೆಸರಿಟ್ಟರು. ದೊಡ್ಡವನಾದ ಮೇಲೆ ಒಬ್ಬ ಡಾಕ್ಟರು ಅವನನ್ನು ಬಹಳ ಹೊತ್ತು ನೋಡಿ, "ಇದಕ್ಕ ಆಟಿಸಂ ಅಂತಾರ" ಎಂದರು.

"ಗುಳಿಗಿ ಏನು ಕೊಡ್ತೀರಿ?" ಮದಾರಬೀ ಕೇಳಿದರು.

"ಗುಳಿಗಿ ಇಲ್ಲಮ್ಮ. ಇದು ರೋಗ ಅಲ್ಲ. ಅವನ ಮೆದುಳು ಇರೋದs ಹಂಗ."

"ಹಂಗಂತ ನಾನೂ ಹೇಳ್ತಿದ್ದೆ. ನನಗ ಯಾರೂ ಫೀಸು ಕೊಡಲಿಲ್ಲ" ಎಂದು ಮದಾರಬೀ ಎದ್ದು ಬಂದರು.

ಹೆಸರು ಸಿಕ್ಕಿತು, ಸಮಸ್ಯೆ ಇದ್ದಲ್ಲೇ ಇತ್ತು. ಸಮಸ್ಯೆ ಎಂದರೆ ಹಾರ್ನ್.

ಅದು ಗಣಿಯ ಕಾಲ. ಚೀನಾದವರಿಗೆ ಕಬ್ಬಿಣದ ಮಣ್ಣು ಬೇಕಾಗಿತ್ತು, ನಮ್ಮಲ್ಲಿ ಮಣ್ಣಿಗೆ ಬರವಿರಲಿಲ್ಲ. ಮೇಷ್ಟ್ರುಗಳು ಲಾರಿ ತಗೊಂಡರು, ಟೈಲರ್‌ಗಳು ಲಾರಿ ತಗೊಂಡರು, ವಿಮೆ ಏಜೆಂಟರು ತಮ್ಮ ಲಾರಿಗೆ ತಾವೇ ವಿಮೆ ಮಾಡಿಕೊಂಡರು. ಮಣ್ಣು ಮಾರಿದವರು ಕೊರಳಿಗೆ ಬಂಗಾರ ಹಾಕಿದರು. ಅಕ್ಕಿ ಮಾರುವ ನಾವು ಅಕ್ಕಿಯ ಮೇಲೆ ಕೂತ ಕೆಂಪು ಧೂಳು ಜಾಡಿಸಿ ಅಕ್ಕಿಯನ್ನೇ ಮಾರಿದೆವು. ಲಾರಿ ಬಂದ ಮೇಲೆ ಹಾರ್ನ್ ಬರದೆ ಇರುತ್ತದೆಯೇ? ದಾರಿ ಖಾಲಿ ಇದ್ದರೂ ಹೊಡೆಯುತ್ತಿದ್ದರು, ಹಾರ್ನ್ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ನೋಡಲು.

ನಮಗೆ ಅದು ಕಿವಿಗೆ ಬಡಿಯುತ್ತಿತ್ತು, ನದೀಮನಿಗೆ ಇಡೀ ಮೈಗೆ ಬಡಿಯುತ್ತಿತ್ತು. ಮೈ ಸೆಟೆದು, ಬಲಗೈ ಹೆಬ್ಬೆರಳಿನ ಬುಡವನ್ನು ಬಾಯಿಗೆ ತುರುಕಿ ಕಚ್ಚುತ್ತಿದ್ದ. ಕಚ್ಚಿ ಕಚ್ಚಿ ಅಲ್ಲಿ ಚರ್ಮ ದಡ್ಡುಗಟ್ಟಿತ್ತು. ಕೆಲವೊಮ್ಮೆ ಚೀಲದ ರಾಶಿಗೆ ತಲೆ ಗುದ್ದುತ್ತಿದ್ದ. ಅಪ್ಪ ಹಿಡಿದುಕೊಳ್ಳಲು ಹೋದರೆ ಇನ್ನೂ ಹೆಚ್ಚಾಗುತ್ತಿತ್ತು. ಸುತ್ತ ಸೇರಿದ ನಾವೆಲ್ಲ "ಸಮಾಧಾನ ಮಾಡ್ಕೊಳ್ಳೋ! ಸಮಾಧಾನ!" ಎಂದು ಹಾರ್ನ್‌ಗಿಂತ ಜೋರಾಗಿ ಕೂಗುತ್ತಿದ್ದೆವು.

ಆಗ ಪಾರ್ವತಿನಗರದಲ್ಲಿ ಪೂಜಿತಾ ಎಂಬ ಹುಡುಗಿ ಮಹಡಿ ಮೇಲಿನ ಒಂದು ಕೋಣೆ ಹಿಡಿದು ಇಂಥ ಮಕ್ಕಳಿಗೆ, ದೊಡ್ಡವರಿಗೆ ಕಲಿಸುತ್ತಾಳೆ ಎಂದು ಗೊತ್ತಾಯಿತು. ಸಿರುಗುಪ್ಪದವಳೇ, ಇದನ್ನೇ ಓದಿ ಬಂದಿದ್ದಳು. ತಾನು ಕಲಿಸುವುದು, ಸಿಟ್ಟು, ಹೆದರಿಕೆ ಉಕ್ಕಿದಾಗ ಅದರ ಜೊತೆ ಕೊಚ್ಚಿಕೊಂಡು ಹೋಗದೆ, ಲಕ್ಷ್ಯವನ್ನು ಒಂದು ಕಡೆ ಊರಿ ನಿಲ್ಲುವ ಅಭ್ಯಾಸ ಎಂದು ಅವಳು ವಿವರಿಸಿದಳು. ಸೈಫುದ್ದೀನ್ ಭಾಯಿ "ಅಂದ್ರ ಧ್ಯಾನ ಏನವ್ವಾ?" ಎಂದರು. "ಧ್ಯಾನ ಅನ್ರಿ, ನಿಗಾ ಅನ್ರಿ. ದೇವ್ರು ದಿಂಡ್ರು ಇದ್ರಾಗ ಏನಿಲ್ರಿ ಚಾಚಾ" ಎಂದಳು. ಮೊದಲನೆಯ ಪಾಠ: ಕಣ್ಣು ಮುಚ್ಚು, ಉಸಿರು ನೋಡು.

ನದೀಮ್ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಏದುಸಿರು ಬಿಡತೊಡಗಿದ.

"ಯಾಕ, ಏನಾತು?"

"ಉಸಿರು ತನ್ನಷ್ಟಕ್ಕ ತಾನು ನಡೀತಿತ್ತು. ನೀವು ನೋಡು ಅಂದ್ರಿ. ಈಗ ಕೆಟ್ಟೈತಿ" ಎಂದು ದೂರಿದ.

ಪೂಜಿತಾ ನಕ್ಕಳು. ಕೆಲವರಿಗೆ ಹೀಗೆ ಆಗುತ್ತದೆ ಎಂದು ಅವಳಿಗೆ ಗೊತ್ತಿತ್ತು. "ಉಸಿರು ಬಿಡು. ಅಂದ್ರ, ನೋಡೋದು ಬಿಡು. ಮೈಯಾಗ ಗದ್ದಲ ಕಮ್ಮಿ ಇರೋ ಜಾಗ ಯಾವುದು ಹೇಳು?"

ಬಹಳ ಹೊತ್ತಿನ ಮೇಲೆ ಉತ್ತರ ಬಂತು. "ಅಂಗಾಲು."

"ಯಾವಾಗ್ಲೂ?"

"ಭತ್ತದಾಗ ನಿಂತಾಗ."

ಸಿರುಗುಪ್ಪದ ಹುಡುಗಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿನ ಅಕ್ಕಿ ಮಿಲ್‌ಗಳ ಅಂಗಳದಲ್ಲಿ ಭತ್ತ ಒಣಹಾಕುತ್ತಾರೆ. ಅದನ್ನು ತಿರುವಿಹಾಕಲು ಹೆಣ್ಣಾಳುಗಳು ಬರಿಗಾಲಲ್ಲಿ, ಕಾಲು ಎತ್ತದೆ, ಎಳೆದುಕೊಂಡು ಸಾಲು ಬಿಡುತ್ತ ನಡೆಯುತ್ತಾರೆ. ಸೈಫುದ್ದೀನ್ ಭಾಯಿ ಚೀಲದ ಲೋಡು ಹಾಕಿಕೊಂಡು ಹೋದಾಗಲೆಲ್ಲ ನದೀಮ್ ಪಾರಮ್ಮ ಎಂಬ ಆಳಿನ ಹಿಂದೆ ಸೇರಿಕೊಂಡು ಅಂಗಳದ ಈ ತುದಿಯಿಂದ ಆ ತುದಿಗೆ ಕಾಲೆಳೆಯುತ್ತಿದ್ದ. ಪಾರಮ್ಮ ಒಮ್ಮೆ ಭಾಯಿಯನ್ನು ಕೇಳಿಯೂ ಇದ್ದಳು: "ನಿಮ್ಮ ಮಗ ಪುಕ್ಸಟ್ಟೆ ದುಡೀತಾನಲ್ರೀ, ನಮ್ಮ ಕೂಲಿಗೆ ಕಲ್ಲು ಹಾಕಾಕ ನಿಂತೀರೇನು?"

ಪೂಜಿತಾ ಅಲ್ಲಿಂದ ಶುರು ಮಾಡಿದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಭತ್ತ ಹರವಿಸಿದಳು. "ಹಿಮ್ಮಡಿ ಎಲ್ಲೈತಿ? ಹೆಬ್ಬೆರಳು ಎಲ್ಲೈತಿ? ಅಲ್ಲೇ ಇರು. ಈಗ ಮೊನ್ನೆ ಸಣ್ಣಂಗ ಸಿಟ್ಟು ಬಂದಿತ್ತಲ್ಲ, ಅದನ್ನ ನೆನಸ್ಕೋ. ಓಡಿಸಬ್ಯಾಡ, ಬರ್ಲಿ. ಈಗ ಅಂಗಾಲಿಗೆ ಇಳಿ." ಪ್ರತಿದಿನ ಬೆಳಿಗ್ಗೆ, ಪೇಟೆ ತೆರೆಯುವ ಮೊದಲು ಇದೇ. ಆಮೇಲೆ ಭತ್ತ ಇಲ್ಲದ ಬರೀ ಬಂಡೆ ನೆಲದ ಮೇಲೆ. ಆಮೇಲೆ ಚಪ್ಪಲಿ ಹಾಕಿಕೊಂಡು. ಆಮೇಲೆ ಅಪ್ಪನ ಮೊಬೈಲಿನಲ್ಲಿ ಹಾರ್ನ್ ಸದ್ದನ್ನು ಹಿಡಿದು, ನದೀಮ್ ಹೂಂ ಅಂದಷ್ಟೇ ಜೋರಾಗಿ ಕೇಳಿಸಿ.

"ಸಿಟ್ಟು ಬಂದಾಗ ಮಾಡಿದ್ರ ಸಾಕಾಗಂಗಿಲ್ಲೇನು, ದಿನಾ ಯಾಕ?" ಎಂದು ಭಾಯಿ ಕೇಳಿದರು.

"ಸಿಟ್ಟು ಬಂದಾಗ ಯಾರಿಗೂ ಕಲಿಯಾಕ ಬರಂಗಿಲ್ರಿ ಚಾಚಾ. ಆರಾಮ ಇದ್ದಾಗ ಕಾಲಿಗೆ ದಾರಿ ರೂಢಿ ಆಗಿರಬೇಕು. ಮತ್ತ ಅವನು ಕಲಿಯೋದು ಅರ್ಧ. ನೀವೆಲ್ಲ ಸುತ್ತ ನಿಂತು ಕೂಗೋದು ಬಿಡೋದು ಇನ್ನರ್ಧ."

ಮೊದಲರ್ಧವನ್ನು ನದೀಮ್ ಶ್ರದ್ಧೆಯಿಂದ ಮಾಡಿದ. ಎರಡನೆಯದು ಬ್ರೂಸ್‌ಪೇಟೆಗೆ ಬಹಳ ಕಷ್ಟವಾಯಿತು. ಈ ನಡುವೆ ಭತ್ತಕ್ಕೆ ಹೆಗ್ಗಣ ಬಂದವು, ಹೆಗ್ಗಣಕ್ಕೆ ಬೆಕ್ಕು ಬಂತು, ಬೆಕ್ಕಿಗೆ ಹಾಲು ಬಂತು. ಮನಸ್ಸಿನ ಶಾಂತಿಗೆ ಇಷ್ಟೆಲ್ಲ ಸಂಸಾರ ಬೇಕೆಂದು ನಮಗೆ ತಿಳಿದಿರಲಿಲ್ಲ. ಆದರೆ ಹಾರ್ನ್ ಕೇಳಿದಾಗ ನದೀಮನ ಕೈ ಕೆಲವು ಸಲ ಬಾಯಿಯ ತನಕ ಹೋಗಿ ನಿಲ್ಲತೊಡಗಿತು. ಕೆಲವು ಸಲ ನಿಲ್ಲುತ್ತಿರಲಿಲ್ಲ. ಪೂಜಿತಾ ಎರಡಕ್ಕೂ ಒಂದೇ ಮುಖ ಮಾಡುತ್ತಿದ್ದಳು.

ಅಷ್ಟರಲ್ಲಿ ನದೀಮನ ತಂಗಿ ಫರ್ಜಾನಾಳಿಗೆ ಕುರುಗೋಡಿನ ಸಂಬಂಧ ಬಂತು. ಹುಡುಗ ಮೆತ್ತಗಿನವನು, ಮಾತು ಕಮ್ಮಿ. ಅವನ ಪಾಲಿನ ಮಾತನ್ನೂ ಅವನ ದೊಡ್ಡಪ್ಪ ಮುಸ್ತಾಕ್ ಸಾಹೇಬರೇ ಆಡುತ್ತಿದ್ದರು. ಮೊದಲು ಮೆಣಸಿನಕಾಯಿ ವ್ಯಾಪಾರ ಮಾಡಿದವರು. ಈಗ ಅದಿರು ಸಾಗಿಸುವ ಟಿಪ್ಪರ್ ಲಾರಿಗಳ ಒಡೆಯರು. ಮೆಣಸಿನಕಾಯಿ ಬಿಟ್ಟರೂ ಘಾಟು ಬಿಟ್ಟಿರಲಿಲ್ಲ.

ನಿಕಾಹ್‌ನಲ್ಲಿ ಒಂದು ಪದ್ಧತಿ ಇದೆ. ವರ ಸಭೆಯಲ್ಲಿ ಕೂತಿರುತ್ತಾನೆ, ವಧು ಒಳಗೆ ಹೆಂಗಸರ ಕಡೆ. ಹುಡುಗಿಯ ಪರವಾಗಿ ಒಬ್ಬ ವಕೀಲ — ಕೋರ್ಟಿನವನಲ್ಲ, ಮನೆಯವನೇ — ಮತ್ತು ಇಬ್ಬರು ಸಾಕ್ಷಿಗಳು ಪರದೆಯ ಹತ್ತಿರ ಹೋಗಿ ಅವಳ ಒಪ್ಪಿಗೆ ಕೇಳಿ ಬರಬೇಕು. ಆಮೇಲೆ ಖಾಜಿ ಮುಂದಿನದನ್ನು ನಡೆಸುತ್ತಾರೆ. ಫರ್ಜಾನಾ, "ನನ್ನ ಸಾಕ್ಷಿ ನದೀಮ್ ಭಾಯಿ" ಎಂದಳು. ನದೀಮನೂ ಅಂದಿನಿಂದ ಚೀಲ ಹೊಲಿಯುತ್ತ ಹೊಲಿಯುತ್ತ "ನಾನು ಗವಾಹ್, ನಾನು ಕೇಳಬೇಕು" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಜೀವನದಲ್ಲಿ ಅವನಿಗೆ ಯಾರೂ ಸಭೆಯ ಕೆಲಸ ಕೊಟ್ಟಿರಲಿಲ್ಲ.

ಮುಸ್ತಾಕ್ ಸಾಹೇಬರು ಬಳ್ಳಾರಿಗೆ ಬಂದು ಅಂಗಡಿಯಲ್ಲಿ ಕೂತರು. ನಾನೂ ಚಹಾದ ನೆಪದಲ್ಲಿ ಕೂತಿದ್ದೆ.

"ಸೈಫುದ್ದೀನ್ ಭಾಯಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಸಾಕ್ಷಿ ಅಂದ್ರ ತಲಿ ಗಟ್ಟಿ ಇರಬೇಕು. ನಾಳೆ ಮಂದ್ಯಾಗ ಕೈ ಕಚ್ಚಿ ಚೀರಿದ್ರ ನಮ್ಮ ಮರ್ಯಾದಿ ಏನು, ನಿಮ್ಮ ಮರ್ಯಾದಿ ಏನು?"

ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಫರ್ಜಾನಾ ಹೇಳಿ ಕಳಿಸಿದಳು: ಅಣ್ಣ ಸಾಕ್ಷಿ ಇಲ್ಲದಿದ್ದರೆ ತನ್ನ ಒಪ್ಪಿಗೆಯೂ ಇಲ್ಲ.

ಮುಸ್ತಾಕ್ ಸಾಹೇಬರು ಚಹಾ ಮುಗಿಸಿ ಯೋಚಿಸಿದರು. ಲಾರಿಯವರ ತಲೆ ಲಾರಿಯ ದಾರಿಯಲ್ಲೇ ಓಡುತ್ತದೆ. "ಆಗ್ಲಿ. ಆದ್ರ ಗಾಡಿಗೆ ಸ್ಟೆಪ್ನಿ ಇಟ್ಕೊಂಡು ಹೋಗಂಗಿಲ್ಲೇನ್ರಿ? ನಮ್ಮ ಸೂಪರ್‌ವೈಸರ್ ಖಾಸೀಂ ಜೊತಿಗೆ ನಿಂದ್ರತಾನ. ಇವನು ಪಂಚರ್ ಆದ್ರ ಅವನು."

ನದೀಮ್ ತಲೆ ಎತ್ತದೆ, "ನಾನು ಟೈರ್ ಅಲ್ಲ" ಎಂದ. ಆ ಮಾತು ಬರುವ ಹೊತ್ತಿಗೆ ಸಾಹೇಬರ ಜೀಪು ಸರ್ಕಲ್ ದಾಟಿತ್ತು.

ಬಳ್ಳಾರಿಯ ಫಂಕ್ಷನ್ ಹಾಲ್‌ಗಳನ್ನೆಲ್ಲ ಗಣಿಯವರು ಮೊದಲೇ ಹಿಡಿದಿದ್ದರು. ಮದುವೆ ನಿಶ್ಚಯವಾಗದವರೂ ಹಾಲ್ ನಿಶ್ಚಯ ಮಾಡಿಟ್ಟಿದ್ದರು. ಹಾಗಾಗಿ ಮದಾರಬೀಯ ತವರೂರು ಸಿರುಗುಪ್ಪದಲ್ಲೇ ನಿಕಾಹ್ ಎಂದಾಯಿತು. ಹಾಲ್‌ನ ಹಿಂಬದಿಗೇ ಅಕ್ಕಿ ಮಿಲ್, ಅದರ ಅಂಗಳದಲ್ಲಿ ಭತ್ತ. ಅದಿರು ಲಾರಿಗಳ ದಾರಿಯೂ ಅದಲ್ಲ. ಪೂಜಿತಾ ಹಿಂದಿನ ದಿನವೇ ನದೀಮನಿಗೆ ಹಾಲ್ ತೋರಿಸಿ, ಎಲ್ಲಿಂದ ಬಂದು ಎಲ್ಲಿ ನಿಲ್ಲಬೇಕು, ಬೇಕೆನಿಸಿದರೆ ಯಾವ ಬಾಗಿಲಿಂದ ಅಂಗಳಕ್ಕೆ ಹೋಗಬೇಕು ಎಂದು ನಡೆಸಿ ರೂಢಿ ಮಾಡಿಸಿದ್ದಳು. ಎಲ್ಲವನ್ನೂ ಲೆಕ್ಕ ಹಾಕಿದ್ದೆವು, ಬೀಗರ ಸಂತೋಷವೊಂದನ್ನು ಬಿಟ್ಟು.

ಮದುವೆಯ ದಿನ ಬೀಗರು ಟಿಪ್ಪರ್‌ಗಳಲ್ಲಿ ಬಂದರು. ಒಂದರ ಹಿಂದೆ ಒಂದು, ಎಲ್ಲವಕ್ಕೂ ಹೂವಿನ ಹಾರ, ಎಲ್ಲವಕ್ಕೂ ಪ್ರೆಶರ್ ಹಾರ್ನ್. ಕುರುಗೋಡಿನಿಂದ ಹೊರಟು ಸಿರುಗುಪ್ಪ ಮುಟ್ಟುವ ತನಕ ಸುಮ್ಮನಿದ್ದ ಡ್ರೈವರ್‌ಗಳು, ಹಾಲ್ ಕಂಡದ್ದೇ ಸಲಾಮಿ ಎಂದು ಒಟ್ಟಿಗೇ ಒತ್ತಿದರು. ಶಾಮಿಯಾನದ ಕಂಬ ಅದುರಿತು. ನದೀಮನ ಕೈ ಬಾಯಿಗೆ ಹೋಯಿತು. ಹೋಗಿ ಕಚ್ಚಿಯೂ ಆಯಿತು. ಸೈಫುದ್ದೀನ್ ಭಾಯಿ ಎದ್ದರು, ಏನನ್ನೋ ಕೂಗಲು ಬಾಯಿ ತೆರೆದರು, ಮುಚ್ಚಿಕೊಂಡು ಕೂತರು. ನದೀಮ್ ಹಿಂದಿನ ಬಾಗಿಲಿಂದ ಅಂಗಳಕ್ಕೆ ಹೋದ. ಪೂಜಿತಾ ಹಿಂದೆ ಓಡಲಿಲ್ಲ, ಬಾಗಿಲ ಬಳಿ ನಿಂತಳು ಅಷ್ಟೆ.

"ಪಂಚರ್" ಎಂದರು ಮುಸ್ತಾಕ್ ಸಾಹೇಬರು, ಸಂತಾಪದಿಂದ. ಖಾಸೀಂ ಎದ್ದು ಕಾಲರ್ ಸರಿಮಾಡಿಕೊಂಡ.

ಖಾಜಿಯವರು ವೀಳ್ಯ ಹಾಕಿಕೊಂಡು ಮುಗಿಸುವಷ್ಟರಲ್ಲಿ ನದೀಮ್ ವಾಪಸ್ ಬಂದ. ಕಾಲಿಗೆ ಭತ್ತದ ಹೊಟ್ಟು ಮೆತ್ತಿತ್ತು, ಕೈಯಲ್ಲಿ ಹಲ್ಲಿನ ಗುರುತಿತ್ತು. "ನಾನು ಗವಾಹ್" ಎಂದು ತನ್ನ ಜಾಗಕ್ಕೆ ಬಂದು ನಿಂತ. ಖಾಸೀಂ ಕೂತ. ಕೂಡಲೇ ಸಾಹೇಬರ ಸನ್ನೆಯಾಗಿ ಮತ್ತೆ ಎದ್ದ. ಹೀಗೆ ವಕೀಲನಾಗಿ ನದೀಮನ ಸೋದರಮಾವ, ಸಾಕ್ಷಿಗಳಾಗಿ ಕುರುಗೋಡಿನ ಒಬ್ಬ ಹಿರಿಯರು ಮತ್ತು ನದೀಮ್, ಹಿಂದೆ ಸ್ಟೆಪ್ನಿ — ನಾಲ್ವರೂ ಹೆಂಗಸರ ಕಡೆಯ ಪರದೆಯತ್ತ ನಡೆದರು.

ಇಲ್ಲಿ ಒಂದು ಅಚಾತುರ್ಯವಾಯಿತು. "ನಿಕಾಹ್ ಮುಗಿದ ಕೂಡ್ಲೇ ಎಲ್ಲಾ ಹಾರ್ನ್ ಒಟ್ಟಿಗೇ, ಕೈ ತೆಗೀಬಾರದು" ಎಂದು ಮುಸ್ತಾಕ್ ಸಾಹೇಬರು ಡ್ರೈವರ್‌ಗಳಿಗೆ ಅಪ್ಪಣೆ ಕೊಟ್ಟಿದ್ದರು. ಅವರಿಗೆ ಸನ್ನೆ ಕೊಡಲು ಬಾಗಿಲಲ್ಲಿ ನಿಂತಿದ್ದವನು ನಾಲ್ವರು ಗಂಭೀರವಾಗಿ ಒಳಗೆ ಹೋಗುವುದನ್ನು ನೋಡಿ, ಮುಗಿಯಿತು ಎಂದುಕೊಂಡು ರುಮಾಲು ಬೀಸಿಬಿಟ್ಟ.

ಪರದೆಯ ಹತ್ತಿರ ನಡೆದದ್ದನ್ನು ಆಮೇಲೆ ಮದಾರಬೀ ಹೇಳಿದರು. ಮಾವ ವರನ ಹೆಸರು, ಅವನು ವಧುವಿಗೆ ಕೊಡುವ ಮೆಹರ್ ಹಣ ಎಲ್ಲ ಹೇಳಿ "ಕಬೂಲ್ ಐತೇನವ್ವಾ?" ಎಂದು ಕೇಳಿದರು. ಸರಿಯಾಗಿ ಅದೇ ಕ್ಷಣಕ್ಕೆ ಹೊರಗೆ ಎಲ್ಲ ಟಿಪ್ಪರ್‌ಗಳೂ ಬಾಯಿ ಬಿಟ್ಟವು. ಫರ್ಜಾನಾ ತಲೆ ತಗ್ಗಿಸಿದಳು, ತುಟಿ ಅಲ್ಲಾಡಿತು. ಮಾವ "ಆತು, ಆತು" ಎಂದು ಕೈಸನ್ನೆ ಮಾಡಿ ಎಲ್ಲರನ್ನೂ ಹೊರಡಿಸಿದರು.

ಖಾಜಿಯವರ ಮುಂದೆ ಬಂದು ನಿಂತರು. ಹಾರ್ನ್ ನಿಂತಿರಲಿಲ್ಲ. ಖಾಜಿಯವರು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು: "ಹುಡುಗಿ ಒಪ್ಪಿದಳಾ?"

"ಒಪ್ಪಿದಳು!" ಮಾವ ಕೂಗಿದರು.

"ಸಾಕ್ಷಿಗಳು ಕೇಳಿದಿರಾ?"

"ಕೇಳೀವಿ!" ಕುರುಗೋಡಿನ ಹಿರಿಯರು ಕೂಗಿದರು.

ನದೀಮ್ ಕೆಳಗೆ ನೋಡುತ್ತಿದ್ದ. ಅವನ ಕಾಲ್ಬೆರಳುಗಳು ಜಮಖಾನೆಯನ್ನು ಅವುಚಿ ಹಿಡಿಯುತ್ತಿದ್ದವು, ಬಿಡುತ್ತಿದ್ದವು. ಬಲಗೈ ಎದೆಯ ತನಕ ಬಂತು. ಅಲ್ಲಿ ನಿಂತಿತು. ಇಡೀ ಸಭೆ ಆ ಕೈಯನ್ನೇ ನೋಡುತ್ತಿತ್ತು. ಸೈಫುದ್ದೀನ್ ಭಾಯಿ ಮಾತ್ರ ಮಗನನ್ನು ನೋಡದೆ ತಮ್ಮ ಸ್ವಂತ ಪಾದಗಳನ್ನು ನೋಡುತ್ತ ಕೂತಿದ್ದರು, ಅವು ಓಡಿಹೋಗುತ್ತವೆ ಎಂಬಂತೆ. ಕೈ ನಿಧಾನವಾಗಿ ಕೆಳಗೆ ಇಳಿಯಿತು.

"ನನಗ ಕೇಳಿಲ್ಲ" ಎಂದ ನದೀಮ್.

"ಏನಂದ?"

"ನನಗ ಕೇಳಿಲ್ಲ!"

ಮಾವ ಹತ್ತಿರ ಬಂದು ಹಲ್ಲು ಕಡಿದರು. "ಲೇ ನದೀಮ್, ತುಟಿ ಅಲ್ಲಾಡಿತಲ್ಲೋ!"

"ತುಟಿ ಅಲ್ಲಾಡಿತು. ಕೇಳಿಲ್ಲ. ಹಾರ್ನ್ ಕೇಳ್ತು."

ಮುಸ್ತಾಕ್ ಸಾಹೇಬರು ಕಾಯುತ್ತಿದ್ದ ಗಳಿಗೆ ಇದೇ. "ನಾ ಮೊದ್ಲs ಹೇಳಿದ್ನಿ. ಇರ್ಲಿ. ಖಾಸೀಂ, ಬಾರಲೇ ಮುಂದ. ಹುಡುಗಿ ಒಪ್ಪಿದ್ದು ಕೇಳ್ತೋ ಇಲ್ಲೋ?"

"ಕೇಳ್ತ್ರಿ."

ಖಾಜಿಯವರು ವಯಸ್ಸಾದವರು, ಬಹಳ ಮದುವೆ ಕಂಡವರು. "ಏನಂದಳಪ್ಪಾ?" ಎಂದರು.

ಖಾಸೀಂ ತನ್ನ ಸಾಹೇಬರ ಮುಖ ನೋಡಿದ. "ಸಾಹೇಬ್ರ... ಏನಂದಳ್ರಿ?"

ಖಾಜಿಯವರು ಕುರುಗೋಡಿನ ಹಿರಿಯರ ಕಡೆ ತಿರುಗಿದರು. ಹಿರಿಯರು ಗಡ್ಡ ನೀವಿಕೊಂಡು, "ಖರೇ ಹೇಳ್ಬೇಕಂದ್ರ, ನನಗ ಈ ಕಡೀ ಕಿವಿ ಮೊದ್ಲಿಂದ ಮಂದ ಐತ್ರಿ. ವಕೀಲರು ಕೇಳ್ತು ಅಂದ್ರಲ್ಲ ಅಂತ..." ಎಂದರು. ವಕೀಲರಾದ ಮಾವ ಚಾವಣಿ ನೋಡಿದರು. ಹುಡುಗಿಯ ಒಪ್ಪಿಗೆಯನ್ನು ಸ್ವತಃ ಕೇಳಿದವರು ಇಡೀ ಸಿರುಗುಪ್ಪದಲ್ಲಿ ಒಬ್ಬರೂ ಇರಲಿಲ್ಲ ಎಂದಾಯಿತು.

"ಕೇಳದೆ ಕೇಳ್ತು ಅಂದವರು ಸಾಕ್ಷಿ ಅಲ್ಲ" ಎಂದು ಖಾಜಿಯವರು ಪೆನ್ನಿನ ಮುಚ್ಚಳ ಹಾಕಿದರು. "ಏನಪ್ಪಾ ನದೀಮ್, ಈಗ ಏನು ಮಾಡೋಣ?"

"ಹಾರ್ನ್ ಬಂದ್ ಮಾಡಸ್ರಿ. ಆಮ್ಯಾಲೆ ಕೇಳ್ತೀನಿ."

ಇದು ಅಷ್ಟು ಸರಳವಾದ ಮಾತು, ಇಷ್ಟು ವರ್ಷ ಅವನು ಇದನ್ನು ಯಾಕೆ ಹೇಳಿರಲಿಲ್ಲ ಎಂದು ನಾವು ಆಮೇಲೆ ಅಂಗಡಿಯಲ್ಲಿ ಚರ್ಚೆ ಮಾಡಿದೆವು. ಇಷ್ಟು ವರ್ಷ ಹಾರ್ನ್ ಆದಾಗಲೆಲ್ಲ ಅವನ ಬಾಯಲ್ಲಿ ಕೈ ಇರುತ್ತಿತ್ತು. ಅಂದು ಬಾಯಿ ಖಾಲಿ ಇತ್ತು.

ಮುಸ್ತಾಕ್ ಸಾಹೇಬರು ಬಾಗಿಲಿಗೆ ಹೋಗಿ "ಬಂದ್ ಮಾಡ್ರಲೇ!" ಎಂದು ಕೂಗಿದರು. ಕೈ ತೆಗೀಬಾರದು ಎಂದು ತಾವೇ ಹೇಳಿದ್ದರು. ಅವರ ಡ್ರೈವರ್‌ಗಳು ನಂಬಿಕಸ್ತರು. ಅಲ್ಲದೆ ಹಾರ್ನ್‌ನಲ್ಲಿ ಸಾಹೇಬರ ಕೂಗು ಕೇಳಬೇಕಲ್ಲ? ಕೊನೆಗೆ ಬಿಳಿ ಶೇರ್ವಾನಿಯಲ್ಲಿ ಬಿಸಿಲಿಗೆ ಇಳಿದು ಒಂದೊಂದೇ ಟಿಪ್ಪರ್‌ನ ಮೆಟ್ಟಿಲು ಹತ್ತಿ, ಒಬ್ಬೊಬ್ಬನದೇ ಕೈ ಕಿತ್ತರು. ಕೊನೆಯದರ ಹಾರ್ನ್ ಸಿಕ್ಕಿಹಾಕಿಕೊಂಡು ಕೈ ತೆಗೆದರೂ ನಿಲ್ಲಲಿಲ್ಲ. ಅದರ ಗಾಳಿಯ ಪೈಪು ಎಳೆಯಲು ಖಾಸೀಂನನ್ನು ಕರೆಸಬೇಕಾಯಿತು. ಸ್ಟೆಪ್ನಿ ಅಂದು ಉಪಯೋಗಕ್ಕೆ ಬಂದದ್ದು ಅಷ್ಟೇ. ಸಾಹೇಬರು ವಾಪಸ್ ಬಂದಾಗ ಶೇರ್ವಾನಿಯ ಮುಂಭಾಗ ಅದಿರಿನ ಬಣ್ಣಕ್ಕೆ ತಿರುಗಿತ್ತು.

ಸಿರುಗುಪ್ಪದಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿರಲಿಲ್ಲ. ಹಿಂದಿನ ಅಂಗಳದಲ್ಲಿ ಪಾರಮ್ಮನ ಜನ ಭತ್ತದಲ್ಲಿ ಕಾಲೆಳೆಯುವ ಸದ್ದು ಕೇಳುತ್ತಿತ್ತು.

ಮತ್ತೆ ಪರದೆಯ ಹತ್ತಿರ ಹೋದರು. ಮಾವ ಮತ್ತೆ ಎಲ್ಲವನ್ನೂ ಹೇಳಿದರು. ಮದುಮಗಳು ಸಣ್ಣ ದನಿಯಲ್ಲಿ ಹೇಳಬೇಕು, ಹತ್ತಿರದವರಿಗಷ್ಟೇ ಕೇಳಬೇಕು. ಮದಾರಬೀ ಮಗಳಿಗೆ ಅದನ್ನು ತಿಂಗಳಿಂದ ತಿದ್ದಿದ್ದರು. ಫರ್ಜಾನಾ ಗಂಟಲು ಸರಿಮಾಡಿಕೊಂಡು, "ಕಬೂಲ್ ಐತಿ! ಕೇಳ್ತೇನು ನದೀಮ್ ಭಾಯಿ?" ಎಂದಳು. ಅದು ಹಾಲ್ ದಾಟಿ ಟಿಪ್ಪರ್‌ಗಳ ತನಕ ಕೇಳಿತು. ವರ ಬೆಚ್ಚಿಬಿದ್ದು ತಲೆ ಎತ್ತಿದ. ತನ್ನ ಮನೆಯಲ್ಲಿ ಇನ್ನು ಮೇಲೆ ಮಾತು ಯಾರದ್ದು ಎಂದು ಅವನಿಗೆ ಅರ್ಥವಾದಂತಿತ್ತು, ಬೇಸರವಾದಂತಿರಲಿಲ್ಲ.

ನದೀಮ್ ಖಾಜಿಯವರ ಮುಂದೆ ಬಂದ. "ಕೇಳ್ತು."

ಸಹಿ ಹಾಕಿದ. ದಬ್ಬಣ ಹಿಡಿದು ರೂಢಿಯಾದ ಕೈ. ಪೆನ್ನನ್ನು ಒತ್ತಿ ಒತ್ತಿ, ಚೀಲ ಹೊಲಿದಂತೆ ಬರೆದ. ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ, ಸಮಾಧಾನ ಮಾಡ್ಕೋ ಎಂದೂ ಹೇಳಲಿಲ್ಲ. ಆಮೇಲೆ ಬಿರಿಯಾನಿಗೂ ಕಾಯದೆ ಭತ್ತದ ಅಂಗಳಕ್ಕೆ ಹೋದ. ಅಲ್ಲಿ ಮತ್ತೆ ಕಾಲೆಳೆಯತೊಡಗಿದ. ಪೂಜಿತಾ ಅಲ್ಲಿಗೇ ತಟ್ಟೆ ಕಳಿಸಿದಳು.

ಬೀಳ್ಕೊಡುವಾಗ ಮುಸ್ತಾಕ್ ಸಾಹೇಬರು ಅಂಗಳದ ಬಾಗಿಲಿಗೆ ಬಂದು ನಿಂತರು. ಸಾಹೇಬರು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ, ಆದ್ದರಿಂದ ಹೇಗೆ ಕೇಳಬೇಕೆಂದು ತಿಳಿಯದೆ ಶೇರ್ವಾನಿಯ ಧೂಳು ಜಾಡಿಸಿಕೊಂಡರು. "ಏನಪ್ಪಾ ನದೀಮ್, ಸೊಸಿನ ಕರ್ಕೊಂಡು ಹೊಂಟೀವಿ. ಒಂದs ಒಂದು ಸಲಾಮಿ... ಹೊಡೀಬಹುದಾ?"

ನದೀಮ್ ಭತ್ತದಲ್ಲಿ ಆ ತುದಿಗೆ ಹೋಗಿ, ತಿರುಗಿ, ಈ ತುದಿಗೆ ಬಂದ. ಸಾಹೇಬರು ಕಾದರು.

"ಬ್ಯಾಡ" ಎಂದ.

ಟಿಪ್ಪರ್‌ಗಳು ಹೂವಿನ ಹಾರ ಹಾಕಿಕೊಂಡು, ಸಂತಾಪಕ್ಕೆ ಹೊರಟವರಂತೆ ಒಂದರ ಹಿಂದೆ ಒಂದು ಸದ್ದಿಲ್ಲದೆ ಕುರುಗೋಡಿನ ದಾರಿ ಹಿಡಿದವು. ಕಾಲುವೆಯ ಹತ್ತಿರ ಎಮ್ಮೆಗಳು ರಸ್ತೆಗೆ ಅಡ್ಡ ಮಲಗಿದ್ದವಂತೆ. ಹಾರ್ನ್ ಇಲ್ಲದೆ ಅವುಗಳನ್ನು ಏಳಿಸುವ ವಿದ್ಯೆ ಡ್ರೈವರ್‌ಗಳಿಗೆ ಗೊತ್ತಿರಲಿಲ್ಲ. ಕೊನೆಗೆ ಖಾಸೀಂ ಇಳಿದು, ಒಂದೊಂದಕ್ಕೇ ಹೇಳಿ ದಾರಿ ಬಿಡಿಸಿದನಂತೆ. ಮದುಮಗಳು ಗಾಡಿಯಲ್ಲಿ ಕೂತು ಬಿದ್ದು ಬಿದ್ದು ನಗುತ್ತಿದ್ದಳು ಎಂದು ಅವನೇ ಆಮೇಲೆ ನಮ್ಮ ಅಂಗಡಿಯಲ್ಲಿ ಹೇಳಿದ.